ಅಡಿಕೆ ಕಣದಲ್ಲಿ ಫ್ಲೋರ್‌ಬಾಲ್ ಬೋರ್ಡ್ ನಿಲ್ಲಿಸಿದ್ದು: ನನ್ನ ಅನುಭವ

ನನ್ನ ಬೋರ್ಡ್, ಅಂದರೆ ಫ್ಲೋರ್‌ಬಾಲ್ ಅಂಕಣದ ಸುತ್ತ ನಿಲ್ಲಿಸುವ ಗಿಡ್ಡ ಹಲಗೆಗೋಡೆ, ನಿಂತಿದೆ. ಮೂರು ಬೇಸಿಗೆ ಕಳೆಯಿತು, ಒಂದು ಹಲಗೆಯೂ ಮುರಿದಿಲ್ಲ, ಒಬ್ಬ ಹುಡುಗನ ಮೊಣಕಾಲೂ ಒಡೆದಿಲ್ಲ. ಮೊದಲ ವರ್ಷ "ಹಾಕಿ ಆಡಿಸೋಕೇ ಹುಡುಗರಿಲ್ಲ, ಇದ್ಯಾವ ಆಟ ತಂದ್ರಿ ಸರ್" ಅಂದವರೇ ಈಗ ಟೇಪು ಹಿಡಿದು ಅಳತೆ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಸಾಕಾಗಿದೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಫ್ಲೋರ್‌ಬಾಲ್ ಅಂದರೆ ಹಗುರ ಕೋಲಿನಿಂದ ತೂತಿನ ಪ್ಲಾಸ್ಟಿಕ್ ಬಾಲು ಹೊಡೆದು ಗೋಲ್ ಮಾಡುವ, ಹಾಕಿಯಂಥ ಒಳಾಂಗಣ ಆಟ. ಎಷ್ಟು ಜನ, ಎಷ್ಟು ನಿಮಿಷ, ಇದೆಲ್ಲ ಇಲ್ಲಿ ಬರೆಯುವುದಿಲ್ಲ. ನಾನು ಹೇಳಲು ಹೊರಟಿರುವುದು ಸಾಮಾನು ಮತ್ತು ಅಂಕಣದ ವಿಷಯ ಮಾತ್ರ. ಅದರಲ್ಲೂ ಮುಖ್ಯವಾಗಿ ಬೋರ್ಡ್.

ನಾನು ಚನ್ನಗಿರಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕ. ನಮ್ಮಲ್ಲಿ ಒಳಾಂಗಣ ಇಲ್ಲ. ಶಾಲೆಯ ಮೈದಾನ ಮಣ್ಣು, ಕಲ್ಲು. 23 ಗ್ರಾಂ ತೂಕದ ತೂತಿನ ಬಾಲು ಅಲ್ಲಿ ನಾಲ್ಕು ಅಡಿ ಉರುಳಿ ನಿಂತುಬಿಡುತ್ತದೆ. ಸಮುದಾಯ ಭವನ ಕೇಳಿದೆ. ಮದುವೆ ಇಲ್ಲದ ದಿನ ಕೊಡುತ್ತೇವೆ ಅಂದರು. ಆದರೆ ನಮ್ಮ ಕಡೆ ಬೇಸಿಗೆಯಲ್ಲಿ ಮದುವೆ ಇಲ್ಲದ ದಿನ ಎಲ್ಲಿ ಸಿಗುತ್ತದೆ?

ಕೊನೆಗೆ ಕಣ್ಣಿಗೆ ಬಿದ್ದಿದ್ದು ಅಡಿಕೆ ಕಣ. ನಮ್ಮೂರ ಸುತ್ತ ಖೇಣಿ ಮಾಡುವವರು, ಅಂದರೆ ತೋಟದ ಫಸಲನ್ನು ಗುತ್ತಿಗೆ ಹಿಡಿಯುವವರು, ಅಡಿಕೆ ಒಣಗಿಸಲು ದೊಡ್ಡ ದೊಡ್ಡ ಸಿಮೆಂಟ್ ಕಣ ಹಾಕಿಸಿದ್ದಾರೆ. ಕೊಯ್ಲು ಮುಗಿದ ಮೇಲೆ, ಫೆಬ್ರವರಿಯಿಂದ ಜುಲೈವರೆಗೂ, ಅವು ಸುಮ್ನೆ ಬಿದ್ದಿರುತ್ತವೆ. ನಮ್ಮ ಶಾಲೆಯ ಒಬ್ಬ ಹುಡುಗನ ದೊಡ್ಡಪ್ಪನ ಕಣ ಸುಮಾರು ನೂರು ಅಡಿ ಉದ್ದ, ಅರವತ್ತು ಅಡಿ ಅಗಲ. ನುಣುಪಾಗಿ ಗಾರೆ ಎಳೆಸಿದ್ದಾರೆ. ಮೇಲೆ ವರ್ಷಗಟ್ಟಲೆ ಬೇಯಿಸಿದ ಅಡಿಕೆಯ ಚೊಗರು ಹಿಡಿದು ಕಂದು ಬಣ್ಣಕ್ಕೆ ತಿರುಗಿ ಪಾಲಿಶ್ ಮಾಡಿದ ಹಾಗಿದೆ. ಮೊದಲ ದಿನ ಬಾಲು ಉರುಳಿಸಿ ನೋಡಿದೆ. ಆ ತುದಿಯಿಂದ ಈ ತುದಿಗೆ ಬಂತು. ಅವತ್ತೇ ನಿರ್ಧಾರ ಮಾಡಿಬಿಟ್ಟೆ.

ಬೋರ್ಡ್ ಇಲ್ಲದೆ ಆಡಿಸಿದರೆ ಆಗಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಆಗಲ್ಲ. ನಾನು ಒಂದು ತಿಂಗಳು ಹಾಗೆ ಆಡಿಸಿ ನೋಡಿದ್ದೇನೆ. ಪ್ರತಿ ಹದಿನೈದು ಸೆಕೆಂಡಿಗೆ ಬಾಲು ಕಣದಾಚೆ ಹೋಗಿ ತೋಟದ ಕಾಲುವೆಗೆ ಬೀಳುತ್ತಿತ್ತು. ಆಡುವುದಕ್ಕಿಂತ ಬಾಲು ತರುವುದೇ ಜಾಸ್ತಿ ಆಯಿತು. ಅದಕ್ಕಿಂತ ದೊಡ್ಡ ನಷ್ಟ ಏನೆಂದರೆ, ಬೋರ್ಡಿಗೆ ಹೊಡೆದು ತನಗೇ ಪಾಸ್ ತೆಗೆದುಕೊಳ್ಳುವುದು, ಮೂಲೆಯಲ್ಲಿ ಬಾಲು ತಿರುಗಿಸಿ ಆಚೆ ಕಡೆಯವನಿಗೆ ಕಳಿಸುವುದು, ಇದ್ಯಾವುದೂ ಮಕ್ಕಳಿಗೆ ಬರುವುದಿಲ್ಲ. ಬೋರ್ಡ್ ತೆಗೆದರೆ ಅದು ಪ್ಲಾಸ್ಟಿಕ್ ಕೋಲಿನ ಹಾಕಿ, ಅಷ್ಟೇ.

ರೂಲ್ ಬುಕ್ಕಿನ ಪ್ರಕಾರ ಅಂಕಣ 40 ಮೀಟರ್ ಉದ್ದ, 20 ಮೀಟರ್ ಅಗಲ. ಚಿಕ್ಕದು ಮಾಡಿದರೂ 36ಕ್ಕೆ 18ರವರೆಗೆ ಮಾತ್ರ. ಸುತ್ತ 50 ಸೆಂಟಿಮೀಟರ್ ಎತ್ತರದ ಬೋರ್ಡ್, ಮೂಲೆಗಳು ಗುಂಡಗೆ. ಹೊರದೇಶದಿಂದ ಪೂರ್ತಿ ಸೆಟ್ ತರಿಸಲು ಒಮ್ಮೆ ವಿಚಾರಿಸಿದ್ದೆ. ಹಡಗಿನ ಬಾಡಿಗೆ, ಸುಂಕ ಎಲ್ಲ ಸೇರಿ ಲಕ್ಷಗಳಲ್ಲಿ ಹೇಳಿದರು. ಆ ದುಡ್ಡಿಗೆ ನಮ್ಮ ಶಾಲೆಗೆ ಎರಡು ಕೊಠಡಿಯ ಚಾವಣಿ ರಿಪೇರಿ ಆಗುತ್ತದೆ.

ಮೊದಲ ಪ್ರಯತ್ನ ಅಡಿಕೆ ದಬ್ಬೆ, ಅಂದರೆ ಅಡಿಕೆ ಮರ ಸೀಳಿದ ಪಟ್ಟಿ. ಇಲ್ಲಿ ದಬ್ಬೆಗೆ ಬರ ಇಲ್ಲ, ಕೇಳಿದರೆ ಪುಕ್ಕಟೆ ಕೊಡುತ್ತಾರೆ. ಬೇಲಿಯ ಹಾಗೆ ಅಡ್ಡಡ್ಡ ಕಟ್ಟಿದೆವು. ಬಾಲು ಎಲ್ಲಿಗೆ ಬಡಿದರೆ ಎಲ್ಲಿಗೆ ಚಿಮ್ಮುತ್ತದೆ ಅಂತ ದೇವರಿಗೂ ಗೊತ್ತಾಗಲ್ಲ. ಮೂರನೇ ದಿನ ಒಬ್ಬಳ ಅಂಗೈಗೆ ಸಿಬಿರು ಹೊಕ್ಕಿತು. ಅವತ್ತೇ ಬಿಚ್ಚಿ ಹಾಕಿದೆ.

ಎರಡನೆಯದು ಹಳೆ ಫ್ಲೆಕ್ಸ್. ಕಬ್ಬಿಣದ ಪೈಪಿನ ಚೌಕಟ್ಟಿಗೆ ಫ್ಲೆಕ್ಸ್ ಬಿಗಿದು ಕಟ್ಟಿದೆ. ವೆಲ್ಡಿಂಗ್, ಪೈಪು ಸೇರಿ ಆರು ಸಾವಿರ ಹೋಯಿತು. ನೋಡಲು ಚೆನ್ನಾಗಿತ್ತು. ಆದರೆ ಬಾಲು ಬಡಿದರೆ ಸತ್ತೇ ಹೋಗುತ್ತಿತ್ತು, ವಾಪಸ್ ಬರುತ್ತಲೇ ಇರಲಿಲ್ಲ. ಬಿಸಿಲಿಗೆ ಫ್ಲೆಕ್ಸ್ ಸಡಿಲ ಆಗಿ ಜೋಲಿಯ ಹಾಗೆ ಇಳಿಬಿತ್ತು.

ಮೂರನೆಯದು ಪ್ಲೈವುಡ್. ಇದರ ನೋವು ಇನ್ನೂ ಇದೆ. 12 ಎಂ.ಎಂ. ಪ್ಲೈ, ಎಂಟು ಅಡಿಗೆ ನಾಲ್ಕು ಅಡಿ, ಸುಮಾರು 18 ಶೀಟ್. ಶೀಟಿಗೆ 1,300 ರೂಪಾಯಿ ಆಸುಪಾಸು. ಆ್ಯಂಗಲ್, ಬೋಲ್ಟು, ಬಣ್ಣ, ಟೆಂಪೋ ಬಾಡಿಗೆ ಸೇರಿ ಮೂವತ್ತೆರಡು ಸಾವಿರ ದಾಟಿತ್ತು. ಅದರಲ್ಲಿ ಹದಿನೆಂಟು ಸಾವಿರ ನನ್ನ ಜೇಬಿಂದು. ಉಳಿದಿದ್ದು ಹಳೆಯ ವಿದ್ಯಾರ್ಥಿಗಳು ಕೊಟ್ಟಿದ್ದು. ಬಾಲು ಅದ್ಭುತವಾಗಿ ಚಿಮ್ಮುತ್ತಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾನು ಎರಡು ತಪ್ಪು ಮಾಡಿದ್ದೆ.

ಒಂದು, ಹಲಗೆಗಳನ್ನು ಒಂದಕ್ಕೊಂದು ಬೋಲ್ಟ್ ಹಾಕಿ ಬಿಗಿದಿದ್ದೆ. ಗಟ್ಟಿ ಇರಲಿ ಅಂತ. ಗಟ್ಟಿ ಇರಬಾರದು ಅನ್ನುವುದೇ ಬೋರ್ಡಿನ ಗುಟ್ಟು. ಓಡಿ ಬಂದ ಹುಡುಗ ಬಡಿದಾಗ ಅದು ಬಿಚ್ಚಿಕೊಂಡು ಹಿಂದೆ ಸರಿಯಬೇಕು. ನಮ್ಮದು ಸರಿಯಲಿಲ್ಲ. ಎಂಟನೇ ತರಗತಿಯ ಹುಡುಗ ಮೊಳಕಾಲಿಗೆ ಹೊಡೆಸಿಕೊಂಡು ಆಚೆ ಬಿದ್ದ. ಐದು ಹೊಲಿಗೆ. ಅವರಪ್ಪ ಬಂದು ಬೈಯಲಿಲ್ಲ, ಸುಮ್ನೆ ಆ ಬೋಲ್ಟ್ ಮುಟ್ಟಿ ನೋಡಿ ಹೋದರು. ಅವರು ಬೈದಿದ್ದರೇ ಚೆನ್ನಾಗಿತ್ತು. ಅವತ್ತು ರಾತ್ರಿ ನಾನು ಒಬ್ಬನೇ ಹೋಗಿ ಎಲ್ಲ ಬೋಲ್ಟ್ ಬಿಚ್ಚಿದೆ.

ಎರಡನೇ ತಪ್ಪು ಅಂದರೆ ಪ್ಲೈಯ ಅಂಚಿಗೆ ಸರಿಯಾಗಿ ಬಣ್ಣ ಹೊಡೆಯಲಿಲ್ಲ. ಮೇ ತಿಂಗಳ ಅಡ್ಡ ಮಳೆ ಎರಡು ಸಲ ಬಂತು, ಪದರ ಪದರ ಬಿಟ್ಟುಕೊಂಡು ಪುಸ್ತಕದ ಹಾಳೆ ಥರ ಆಯಿತು. ಒಳ್ಳೆಯ ತುಂಡುಗಳು ಈಗ ಶಾಲೆಯ ನೋಟೀಸ್ ಬೋರ್ಡಾಗಿವೆ.

ಆ ವರ್ಷ ಸಹೋದ್ಯೋಗಿಗಳು "ಸಾಕು ಬಿಡಿ ಸರ್" ಅಂದರು. ಮುಖ್ಯೋಪಾಧ್ಯಾಯರು ಇನ್ನೂ ನೇರ. "ಮೇಷ್ಟ್ರೇ, ಇನ್ನೊಂದು ಹುಡುಗನಿಗೆ ಏನಾದ್ರೂ ಆದ್ರೆ ನಾನು ಉತ್ತರ ಹೇಳಬೇಕು" ಅಂದರು. ಅವರ ಮಾತು ತಪ್ಪಲ್ಲ. ನಾನು ಒಂದು ವರ್ಷ ಕೇಳಿಕೊಂಡೆ. ಗಟ್ಟಿ ಇಲ್ಲದ ಬೋರ್ಡ್ ಮಾಡಿ ತೋರಿಸುತ್ತೇನೆ, ಆಗದಿದ್ದರೆ ಬಿಡುತ್ತೇನೆ ಅಂತ.

ಉತ್ತರ ಸಿಕ್ಕಿದ್ದು ಅಡುಗೆಮನೆಯಲ್ಲಿ. ಮನೆಯಲ್ಲಿ ಸಿಂಕ್ ಕೆಳಗಿನ ಕಪಾಟು ಗೆದ್ದಲು ಹಿಡಿದಿತ್ತು. ಬಡಗಿ ಬಂದು ಪಿವಿಸಿ ಫೋಮ್ ಶೀಟ್ ಹಾಕಿದರು. ನೀರಿಗೆ ಹೆದರಲ್ಲ, ಗೆದ್ದಲು ಬರಲ್ಲ, ಮರದ ಗರಗಸದಲ್ಲೇ ಕೊಯ್ಯಬಹುದು. ಉಳಿದ ತುಂಡನ್ನು ಗೋಡೆಗೆ ಒರಗಿಸಿ ಬಾಲು ಹೊಡೆದು ನೋಡಿದೆ. ಪ್ಲೈಯಷ್ಟು ಜೋರಾಗಿ ಅಲ್ಲದಿದ್ದರೂ ಚೆನ್ನಾಗಿ ವಾಪಸ್ ಬಂತು. ಮನೆಯವರು "ಅಡುಗೆಮನೇಲಿ ಶುರುವಾಯ್ತಾ" ಅಂದರು.

ಲೆಕ್ಕ ಹೀಗೆ. ಶೀಟು ಎಂಟು ಅಡಿಗೆ ನಾಲ್ಕು ಅಡಿ, ಅಂದರೆ 244ಕ್ಕೆ 122 ಸೆಂಟಿಮೀಟರ್. ಉದ್ದಕ್ಕೆ ಕೊಯ್ದರೆ 50 ಸೆಂಟಿಮೀಟರಿನ ಎರಡು ಹಲಗೆ, ಮೇಲೆ ಗೇಣಗಲದ ಒಂದು ಪಟ್ಟಿ ಉಳಿಯುತ್ತದೆ. ಅಂಕಣದ ಅಳತೆಗೆ ಹಲಗೆ ಕೊಯ್ಯಬೇಡಿ, ಹಲಗೆಯ ಅಳತೆಗೆ ಅಂಕಣ ಹೊಂದಿಸಿ. ನಾನು ಉದ್ದಕ್ಕೆ ಹತ್ತು ಹಲಗೆ, ಅಗಲಕ್ಕೆ ಐದು ಇಟ್ಟೆ. ನಾಲ್ಕು ಮೂಲೆಗೆ ಒಂದೊಂದು ಹಲಗೆಯನ್ನೇ ಬಗ್ಗಿಸಿದೆ. ಎಲ್ಲ ಸೇರಿ ಅಂಕಣ ಇಪ್ಪತ್ತೇಳೂವರೆ ಮೀಟರ್ ಉದ್ದ, ಹದಿನೈದು ಮೀಟರ್ ಚಿಲ್ಲರೆ ಅಗಲ ಬಂತು. ತಂಡಕ್ಕೆ ನಾಲ್ಕು ಜನ ಮತ್ತು ಒಬ್ಬ ಕೀಪರ್ ಆಡಲು ಇಷ್ಟು ಸಾಕು. ಐದು ಜನ ಇಳಿಸಿದರೆ ಸಂತೆ ಆಗುತ್ತದೆ.

ನೇರ ಹಲಗೆಗೆ 12 ಎಂ.ಎಂ. ಶೀಟ್ ಹದಿನೈದು ಬೇಕಾಯಿತು. ಶೀಟಿಗೆ ಎರಡು ಸಾವಿರದ ಹತ್ತಿರ ಕೊಟ್ಟೆ ಅಂತ ನೆನಪು. ಮೂಲೆಗೆ 12 ಎಂ.ಎಂ. ಬಗ್ಗುವುದಿಲ್ಲ. ಬಗ್ಗಿಸಲು ಹೋಗಿ ಒಂದು ಹಲಗೆ ಪಟ್ ಅಂತ ಸೀಳಿತು. ಸಾವಿರ ರೂಪಾಯಿ ಗಾಳಿಗೆ. ಆಮೇಲೆ 5 ಎಂ.ಎಂ. ಶೀಟನ್ನು ಎರಡು ಪದರ ಮಾಡಿ ಬಗ್ಗಿಸಿದೆ. ಬಿಸಿ ಮಾಡುವುದೇ ಬೇಡ, ಕೈಯಲ್ಲೇ ಬಾಗುತ್ತದೆ. ಎರಡು ಪದರದ ಮಧ್ಯೆ ಏನು ಹಾಕಿದ್ದೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಬಂದು ನೋಡಿದವರಿಗೆ ತೋರಿಸುತ್ತೇನೆ. ಅದನ್ನು ಕಂಡುಹಿಡಿಯಲು ನನಗೆ ಎರಡು ತಿಂಗಳು ಹಿಡಿದಿದೆ.

ಮೇಲಂಚು ಚೂಪಾಗಿ ಇರಬಾರದು. ಮನೆ ವೈರಿಂಗಿಗೆ ಬಳಸುವ ಬಿಳಿ ಪೈಪನ್ನು ಉದ್ದಕ್ಕೆ ಸೀಳಿ ಟೋಪಿಯ ಹಾಗೆ ಹಾಕಿದೆ. ಹತ್ತಡಿ ಪೈಪಿನಲ್ಲಿ ಎಂಟು ಅಡಿ ಇದಕ್ಕೆ ಹೋಗಿ, ಉಳಿದ ಎರಡು ಅಡಿ ಮಕ್ಕಳ ಡ್ರಿಬ್ಲಿಂಗಿಗೆ ಗೂಟ ಆಯಿತು. ಪೈಪ್ ಸೀಳುವಾಗ ಕೈಗೆ ದಪ್ಪ ಗ್ಲೌಸ್ ಹಾಕಿ. ಬ್ಲೇಡ್ ಜಾರುತ್ತದೆ.

ಕಾಲು ಮಾತ್ರ ವೆಲ್ಡಿಂಗ್ ಅಣ್ಣನ ಕೈಲಿ ಮಾಡಿಸಿದ್ದು. ಒಂದಿಂಚು ಆ್ಯಂಗಲ್‌ನಿಂದ ಎಲ್ ಆಕಾರದ ಕಾಲು, ನೇರ ಹಲಗೆಗೆ ಎರಡು, ಮೂಲೆಗೆ ಮೂರು. ಒಟ್ಟು ಎಪ್ಪತ್ತೆರಡು. ಕಾಲೆಲ್ಲ ಹೊರಗಡೆಗೇ ಇರಬೇಕು, ಆಟಗಾರನ ಕಡೆ ಏನೂ ಚಾಚಿರಬಾರದು. ಕೆಳಗೆ ಸ್ಕೂಟರ್ ಟ್ಯೂಬಿನ ತುಂಡು ಅಂಟಿಸಿದೆ. ನೆಲಕ್ಕೆ ಮೊಳೆ ಹೊಡೆಯುವಂತಿಲ್ಲ. ಹೊಡೆದರೆ ಕಣದ ಯಜಮಾನರು ಮಾರನೇ ದಿನವೇ ಬೀಗ ಹಾಕುತ್ತಾರೆ. ಟ್ಯೂಬಿನ ಹಿಡಿತ ಸಾಕು. ಬಾಲು ಎಷ್ಟೇ ಜೋರಾಗಿ ಬಡಿದರೂ ಹಲಗೆ ಅಲುಗಲ್ಲ, ಹುಡುಗ ಬಡಿದರೆ ಸರಿಯುತ್ತದೆ. ನನಗೆ ಬೇಕಿದ್ದಿದ್ದು ಇದೇ.

ಹಲಗೆಯಿಂದ ಹಲಗೆಗೆ ಜೋಡಣೆ ಹೇಗೆ? ಮೊದಲು ವೆಲ್ಕ್ರೋ ಪಟ್ಟಿ ಹಾಕಿದ್ದೆ. ಒಂದು ವಾರ ಚೆನ್ನಾಗಿತ್ತು. ಕಣದ ದೂಳು ತುಂಬಿ ಹಿಡಿತ ಹೋಯಿತು. ಆಮೇಲೆ ಆಯಸ್ಕಾಂತ ಟ್ರೈ ಮಾಡಿದೆ, ಕಪಾಟಿನ ಬಾಗಿಲಿಗೆ ಹಾಕುವಂಥದ್ದು. ದುಬಾರಿ, ಮೇಲಾಗಿ ಬಾಲು ಬಡಿದಾಗೆಲ್ಲ ಕಟಕಟ ಸದ್ದು. ಕೊನೆಗೆ ನಿಂತಿದ್ದು ಸೈಕಲ್ ಟ್ಯೂಬಿನ ಬಳೆ ಮತ್ತು ಒಂದು ಕೊಕ್ಕೆ. ಬಡಿದರೆ ಕೊಕ್ಕೆ ಜಾರಿ ಬಿಚ್ಚಿಕೊಳ್ಳುತ್ತದೆ, ಎತ್ತಿ ಹಾಕಿದರೆ ಮತ್ತೆ ಕೂರುತ್ತದೆ. ಟ್ಯೂಬು ಎಷ್ಟು ಅಗಲ ಕತ್ತರಿಸಬೇಕು ಅನ್ನುವುದರಲ್ಲೇ ಎಲ್ಲ ಇದೆ. ಬಿಗಿ ಆದರೆ ಹುಡುಗನಿಗೆ ಪೆಟ್ಟು, ಸಡಿಲ ಆದರೆ ಪ್ರತಿ ಶಾಟಿಗೂ ಬಿಚ್ಚಿಕೊಳ್ಳುತ್ತದೆ. ನಿಮ್ಮ ಹಲಗೆಯ ತೂಕ ನೋಡಿ ನೀವೇ ಹೊಂದಿಸಿಕೊಳ್ಳಿ.

ಎಲ್ಲ ಸರಿ ಆಯಿತು ಅಂದುಕೊಂಡ ದಿನ ಇನ್ನೊಂದು ಹೊಡೆತ. ಏಪ್ರಿಲ್ ತಿಂಗಳು. ಬೆಳಿಗ್ಗೆ ಆರೂವರೆಗೆ ನೇರವಾಗಿ ಜೋಡಿಸಿದ್ದ ಬೋರ್ಡ್ ಹನ್ನೊಂದು ಗಂಟೆಗೆ ಹಾವಿನ ಹಾಗೆ ಡೊಂಕಾಗಿ ನಿಂತಿತ್ತು. ಯಾರೋ ಸರಿಸಿದ್ದಾರೆ ಅಂತ ಮಕ್ಕಳಿಗೆ ಬೈದೆ. ಮಾರನೇ ದಿನವೂ ಹಾಗೇ ಆಯಿತು. ಆಮೇಲೆ ಟೇಪು ಹಿಡಿದು ನೋಡಿದರೆ ಬಿಸಿಲಿಗೆ ಒಂದೊಂದು ಹಲಗೆ ಮೂರು ನಾಲ್ಕು ಎಂ.ಎಂ. ಬೆಳೆದಿದೆ. ಹತ್ತು ಹಲಗೆಗೆ ಎರಡು ಬೆರಳಷ್ಟು. ಹೋಗಲು ಜಾಗ ಇಲ್ಲದೆ ಡೊಂಕಾಗುತ್ತಿತ್ತು. ಈಗ ಬೆಳಿಗ್ಗೆ ಜೋಡಿಸುವಾಗಲೇ ಹಲಗೆಗಳ ಮಧ್ಯೆ ಹಳೆಯ ಎಟಿಎಂ ಕಾರ್ಡ್ ನಾಲ್ಕು ಒಟ್ಟಿಗೆ ಇಟ್ಟು, ಅಷ್ಟು ಸಂದು ಬಿಡುತ್ತೇವೆ. ಬೈಸಿಕೊಂಡ ಮಕ್ಕಳಿಗೆ ಅವತ್ತು ಕಬ್ಬಿನ ಹಾಲು ಕುಡಿಸಿದೆ.

ಒಟ್ಟು ಖರ್ಚು ನಲವತ್ನಾಲ್ಕು, ನಲವತ್ತೈದು ಸಾವಿರ. ಹಲಗೆಗೆ ಕಾಲು ಸೇರಿ ಹತ್ತು ಕೆಜಿ ಬರಬಹುದು. ಇಬ್ಬರು ಮಕ್ಕಳು ಆರಾಮಾಗಿ ಎತ್ತುತ್ತಾರೆ. ಹನ್ನೆರಡು ಜನ ಸೇರಿದರೆ ಇಪ್ಪತ್ತೈದು ನಿಮಿಷದಲ್ಲಿ ಪೂರ್ತಿ ಅಂಕಣ ರೆಡಿ. ನನ್ನ ಮಟ್ಟಿಗೆ ಇಷ್ಟು ದುಡ್ಡಲ್ಲಿ ಇಷ್ಟು ಒಳ್ಳೆಯ ಬೋರ್ಡ್ ಇನ್ನೆಲ್ಲೂ ನೋಡಿಲ್ಲ. ಐಎಫ್‌ಎಫ್ (ಅಂತಾರಾಷ್ಟ್ರೀಯ ಫ್ಲೋರ್‌ಬಾಲ್ ಒಕ್ಕೂಟ) ಮಾರ್ಕ್ ಇದಕ್ಕಿಲ್ಲ, ಅಧಿಕೃತ ಪಂದ್ಯಕ್ಕೆ ನಡೆಯಲ್ಲ. ಅದು ಬೇಕಾದವರು ಅದನ್ನೇ ತರಿಸಿ. ಮಕ್ಕಳಿಗೆ ಆಟ ಕಲಿಸಲು ಇದು ಧಾರಾಳ.

ಉಳಿದ ಗೇಣಗಲದ ಪಟ್ಟಿಗಳ ಬಗ್ಗೆ ಒಂದು ಮಾತು. ಹದಿನೈದು ಪಟ್ಟಿ ಮೂಲೆಯಲ್ಲಿ ಬಿದ್ದಿದ್ದವು. ಅವನ್ನು ಅಡ್ಡ ನಿಲ್ಲಿಸಿ ಎರಡು ಸಾಲು ಮಾಡಿ, ಮಧ್ಯೆ ಒಂದೂವರೆ ಮೀಟರ್ ಓಣಿ ಬಿಟ್ಟೆ. ಒಬ್ಬ ಹುಡುಗ ಒಂದು ಬಾಲು, ಎರಡೂ ಗೋಡೆಗೆ ಹೊಡೆಯುತ್ತಾ ಓಣಿ ದಾಟಬೇಕು. ಬೋರ್ಡ್ ಪಾಸ್ ಕಲಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಸಿಕ್ಕಿಲ್ಲ. ಮಕ್ಕಳು ಒಂದೇ ವಾರದಲ್ಲಿ ಕಲಿತರು. ಇದೇ ಉತ್ಸಾಹದಲ್ಲಿ, ಬೌದ್ಧಿಕ ತೊಂದರೆ ಇರುವವರಿಗೆ ಆಟ ನಡೆಸುವ ಸ್ಪೆಷಲ್ ಒಲಿಂಪಿಕ್ಸ್‌ನ ಅಳತೆಯನ್ನೂ ಹಾಕಿ ನೋಡಿದೆ. ಅವರದು 20 ಮೀಟರಿಗೆ 12 ಮೀಟರ್, ತಂಡಕ್ಕೆ ಮೂವರು ಮತ್ತು ಕೀಪರ್. ಚಿಕ್ಕ ಮಕ್ಕಳಿಗೆ ಆ ಅಳತೆಯೇ ಸರಿ. ಎಲ್ಲರಿಗೂ ಬಾಲು ಸಿಗುತ್ತದೆ. ಕಲಿಕೆಯಲ್ಲಿ ಹಿಂದಿದ್ದಾನೆ ಅಂತ ಎಲ್ಲ ಆಟದಿಂದಲೂ ಹೊರಗೆ ಕೂರಿಸಿದ್ದ ನಮ್ಮ ಒಬ್ಬ ಹುಡುಗ ಅಲ್ಲಿ ಮೊದಲ ಗೋಲ್ ಹೊಡೆದ. ಈಗ ಅವನು ದಿನಾ ಹಲಗೆ ಜೋಡಿಸಲು ಎಲ್ಲರಿಗಿಂತ ಮೊದಲು ಬರುತ್ತಾನೆ.

ನೆಲದ ವಿಷಯ. ಅಡಿಕೆ ಕಣ ಮಟ್ಟಸ ಅಲ್ಲ, ಮಳೆ ನೀರು ಹರಿಯಲಿ ಅಂತ ಒಂದು ಕಡೆಗೆ ಓಟ ಕೊಟ್ಟಿರುತ್ತಾರೆ. ಮೊದಲು ನಾನು ಗೋಲನ್ನು ಇಳಿಜಾರಿನ ಎರಡು ತುದಿಗೆ ಇಟ್ಟಿದ್ದೆ. ಕೆಳಗಿನ ಗೋಲಿಗೆ ಬಾಲು ತಾನೇ ಉರುಳಿಕೊಂಡು ಹೋಗುತ್ತಿತ್ತು. ಅಂಕಣವನ್ನೇ ತಿರುಗಿಸಿದೆ. ಈಗ ಇಳಿಜಾರು ಒಂದು ಪಕ್ಕದ ಬೋರ್ಡಿನ ಕಡೆಗೆ ಇದೆ, ಇಬ್ಬರಿಗೂ ಸಮ. ದೂಳು ಇದ್ದರೆ ಸಿಮೆಂಟ್ ಐಸಿನ ಹಾಗೆ ಜಾರುತ್ತದೆ. ಒದ್ದೆ ಗೋಣಿಚೀಲ ಎಳೆದು ಹತ್ತು ನಿಮಿಷ ಒಣಗಲು ಬಿಡಿ. ಶಟಲ್ ಆಡುವ ಶೂ ಒಳ್ಳೆಯದು. ಕ್ಯಾನ್ವಾಸ್ ಶೂ ಹಾಕಿದವರು ಜಾರುತ್ತಾರೆ.

ಗೆರೆ ಹಾಕಲು ಬಣ್ಣ ಬಳಿಯುವಂತಿಲ್ಲ, ಅಡಿಕೆಗೆ ಹಿಡಿಯುತ್ತದೆ. ಸುಣ್ಣವಂತೂ ಬೇಡವೇ ಬೇಡ, ಕೀಪರ್ ನೆಲಕ್ಕೆ ಮುಖ ಕೊಟ್ಟಿರುತ್ತಾರೆ, ಕಣ್ಣಿಗೆ ಹೋಗುತ್ತದೆ. ಎರಡಿಂಚಿನ ಕ್ಲಾತ್ ಟೇಪ್ ಸರಿ ಹೋಯಿತು. ಗೆರೆ 4ರಿಂದ 5 ಸೆಂಟಿಮೀಟರ್ ಇರಬೇಕು ಅನ್ನುತ್ತದೆ ರೂಲ್, ಟೇಪಿನ ಅಗಲ ಹೆಚ್ಚುಕಮ್ಮಿ ಅಷ್ಟೇ ಬರುತ್ತದೆ. ಸೀಸನ್ ಮುಗಿದ ಮೇಲೆ ಅಂಟು ಉಳಿಯುತ್ತದೆ. ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಆಮೇಲೆ ಸೋಪಿನ ನೀರಲ್ಲಿ ಎರಡು ಸಲ ತೊಳೆದು ಕೊಡುತ್ತೇವೆ. ಇದರಲ್ಲಿ ಸೋಮಾರಿತನ ಮಾಡಬೇಡಿ. ಕಣ ಕೊಟ್ಟವರ ಅಡಿಕೆಗೆ ವಾಸನೆ ಹಿಡಿದರೆ ನಿಮ್ಮ ಆಟ ಅಲ್ಲಿಗೆ ಮುಗಿಯಿತು.

ಗೋಲ್ ಮಾಡಿಸುವುದು ಸುಲಭ. ಆದರೂ ನಾನು ಒಮ್ಮೆ ಕೆಡಿಸಿದೆ. ಅಳತೆ ಒಳಗಿನಿಂದ ಒಳಕ್ಕೆ 160 ಸೆಂಟಿಮೀಟರ್ ಅಗಲ, 115 ಎತ್ತರ. ವೆಲ್ಡಿಂಗ್ ಅಣ್ಣನಿಗೆ ಸೆಂಟಿಮೀಟರ್ ಹೇಳಿದೆ, ಅವರು ಸುಮಾರಾಗಿ ಐದಡಿ ನಾಲ್ಕಡಿ ಮಾಡಿಬಿಟ್ಟರು. "ಐದೂಕಾಲು ಅಡಿ, ಮೂರು ಮುಕ್ಕಾಲು ಅಡಿ" ಅಂತ ಹೇಳಿ. ಕೂದಲೆಳೆ ವ್ಯತ್ಯಾಸದಲ್ಲಿ ಸರಿ ಬರುತ್ತದೆ. ಬಲೆಯನ್ನು ಶಾಂತಿಸಾಗರದಲ್ಲಿ ಮೀನು ಹಿಡಿಯುವವರ ಹತ್ತಿರ ತಂದೆ. ಬಿಗಿಯಾಗಿ ಕಟ್ಟಿದರೆ ಬಾಲು ಒಳಗೆ ಹೋದ ವೇಗದಲ್ಲೇ ಹೊರಗೆ ಬರುತ್ತದೆ, ಗೋಲ್ ಆಯಿತೋ ಇಲ್ಲವೋ ಅಂತ ಜಗಳ. ಒಳಗೆ ಇನ್ನೊಂದು ಬಲೆ ಸಡಿಲವಾಗಿ ಪರದೆಯ ಹಾಗೆ ಇಳಿಬಿಡಬೇಕು. ಬಾಲು ಅಲ್ಲೇ ಬೀಳುತ್ತದೆ.

ಗೋಲ್ ಹಿಂದೆ ಜಾಗ ಬಿಡಿ. ಪುಟ್ಟ ಅಂಕಣ ಅಂತ ಗೋಲನ್ನು ಬೋರ್ಡಿಗೆ ಒತ್ತಿ ಇಡಬೇಡಿ. ನಾನು ಮೊದಲ ವರ್ಷ ಹಾಗೇ ಇಟ್ಟು ಅರ್ಧ ಆಟ ಕಳೆದುಕೊಂಡೆ. ದೊಡ್ಡ ಅಂಕಣದಲ್ಲಿ ಗೋಲ್ ಗೆರೆ ಹಿಂದಿನ ಬೋರ್ಡಿನಿಂದ ಮೂರೂವರೆ ಮೀಟರ್ ಮುಂದೆ ಇರುತ್ತದೆ. ನಾನು ಎರಡೂಮುಕ್ಕಾಲು ಬಿಟ್ಟಿದ್ದೇನೆ. ಹಿಂದಿನಿಂದ ಬಂದ ಪಾಸಿನಲ್ಲೇ ನಮ್ಮ ಮಕ್ಕಳ ಒಳ್ಳೆಯ ಗೋಲುಗಳು ಬರುತ್ತವೆ.

ಈಗ ಸ್ಟಿಕ್. ವೈರಿಂಗ್ ಪೈಪಿಗೆ ಬ್ಲೇಡ್ (ಬಾಲು ಹೊಡೆಯುವ, ಕೋಲಿನ ತುದಿಯ ಪ್ಲಾಸ್ಟಿಕ್ ಅಲಗು) ಸಿಕ್ಕಿಸಿ ಮಾಡಿದ್ದು ಮೂರು ದಿನಕ್ಕೆ ಮುರಿಯಿತು. ಬಿದಿರು ಮಾಡಿದೆ, ತೂಕ ಅರ್ಧ ಕೆಜಿ ಹತ್ತಿರ ಬಂತು. ಸ್ಟಿಕ್ಕಿನ ಮಿತಿಯೇ 350 ಗ್ರಾಂ. ತೂಕದ ಕೋಲು ಕೈಗೆ ಕೊಟ್ಟರೆ ಮುಖ್ಯೋಪಾಧ್ಯಾಯರ ಹೆದರಿಕೆ ನಿಜ ಆಗುತ್ತದೆ. ಸ್ಟಿಕ್ ವಿಷಯದಲ್ಲಿ ಜುಗಾಡ್ ಬೇಡ, ಕೊಂಡುಕೊಳ್ಳಿ. ನಾನು ಇಪ್ಪತ್ನಾಲ್ಕು ಫೈಬರ್ ಸ್ಟಿಕ್ ತರಿಸಿದೆ. ಮಕ್ಕಳಿಗೆ ಫ್ಲೆಕ್ಸ್ ನಂಬರ್ ಜಾಸ್ತಿ ಇರುವುದು, ಅಂದರೆ ಮೆತ್ತಗೆ ಬಾಗುವುದು ಬೇಕು. ಉದ್ದ ನೆಲದಿಂದ ಹೊಕ್ಕುಳಕ್ಕೆ ಸ್ವಲ್ಪ ಮೇಲೆ.

ಇಲ್ಲಿ ನನಗೆ ಹೊಡೆತ ಬಿದ್ದಿದ್ದು ಎಡ ಬಲದಲ್ಲಿ. ಅರ್ಧ ಎಡದ್ದು (ಎಡಗೈ ಕೆಳಗೆ ಇಟ್ಟು ಹಿಡಿಯುವುದು), ಅರ್ಧ ಬಲದ್ದು ತರಿಸಿದ್ದೆ. ಸ್ವೀಡನ್‌ನಲ್ಲಿ, ಫಿನ್‌ಲ್ಯಾಂಡ್‌ನಲ್ಲಿ ಎಡದ ಸ್ಟಿಕ್ ಹಿಡಿಯುವವರೇ ಜಾಸ್ತಿ ಅಂತ ಕೇಳಿದ್ದೆ. ನಮ್ಮ ಮಕ್ಕಳು ಹುಟ್ಟಿದಾಗಿನಿಂದ ಕ್ರಿಕೆಟ್ ಬ್ಯಾಟ್ ಹಿಡಿದವರು. ಬಲಗೈ ಕೆಳಗೆ ಇಟ್ಟೇ ರೂಢಿ. ಹಾಕಿಯಲ್ಲೂ ಬಲಗೈ ಕೆಳಗೇ. ಇಪ್ಪತ್ನಾಲ್ಕರಲ್ಲಿ ಇಪ್ಪತ್ತು ಜನ ಬಲದ ಸ್ಟಿಕ್ಕಿಗೇ ಕೈ ಹಾಕಿದರು. ಎಡದವು ಮೂಲೆಗೆ ಬಿದ್ದವು. ಸ್ಟಿಕ್ ಬದಲಾಯಿಸುವುದು ಬೇಡ, ಬ್ಲೇಡ್ ಬದಲಾಯಿಸಿದರೆ ಸಾಕು ಅಂತ ಆಮೇಲೆ ಹೊಳೆಯಿತು. ಸ್ಕ್ರೂ ಬಿಚ್ಚಿ, ಬ್ಲೇಡಿನ ಕುತ್ತಿಗೆಯನ್ನು ಬಿಸಿ ನೀರಲ್ಲಿ ಮೂರು ನಿಮಿಷ ಅದ್ದಿ ತಿರುಗಿಸಿ ಎಳೆದರೆ ಬರುತ್ತದೆ. ಎಂಟು ಬಲದ ಬ್ಲೇಡ್ ಮಾತ್ರ ತರಿಸಿ ಹಾಕಿದೆ. ನೀವು ಕೊಳ್ಳುವ ಮೊದಲು ಮಕ್ಕಳ ಕೈಗೆ ಪೊರಕೆ ಕೊಟ್ಟು ಗುಡಿಸಲು ಹೇಳಿ. ಯಾವ ಕೈ ಕೆಳಗೆ ಹೋಗುತ್ತದೆ ನೋಡಿ ಆರ್ಡರ್ ಮಾಡಿ.

ಬ್ಲೇಡಿಗೆ ಡೊಂಕು ಕೊಡಲು ಹೀಟ್ ಗನ್ ಹಿಡಿದು ಒಂದು ಬ್ಲೇಡ್ ಮೇಣದ ಹಾಗೆ ಕರಗಿಸಿದೆ. ಕುದಿಯುವ ನೀರೇ ಸರಿ. ಅದ್ದಿ, ಬಗ್ಗಿಸಿ, ತಣ್ಣೀರಿಗೆ ಹಾಕಿ ಹಾಗೇ ಹಿಡಿದಿರಬೇಕು. ಡೊಂಕು 30 ಎಂ.ಎಂ. ಮೀರಬಾರದು. ಮಕ್ಕಳು ಜಾಸ್ತಿ ಡೊಂಕು ಕೇಳುತ್ತಾರೆ, ಕೊಡಬೇಡಿ, ನೆಟ್ಟಗೆ ಪಾಸ್ ಮಾಡುವುದೇ ಮರೆತುಬಿಡುತ್ತಾರೆ. ಸಿಮೆಂಟಿನ ಮೇಲೆ ಬ್ಲೇಡಿನ ತಳ ಸವೆಯುವುದು ನಿಜ. ಒಂದು ಸೀಸನ್ನಿಗೆ ಅರ್ಧದಷ್ಟು ಬ್ಲೇಡ್ ಹೋಗುತ್ತವೆ. ಆ ಖರ್ಚು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಬಾಲಿನ ಮೇಲೂ ಪ್ರಯೋಗ ಮಾಡಿದೆ. 72 ಎಂ.ಎಂ. ಬಾಲು, 26 ತೂತು. ಜೂನ್ ಗಾಳಿಗೆ ಅದು ಹಾರಿಕೊಂಡು ಹೋಗುತ್ತದೆ. ತೂಕ ಬರಲಿ ಅಂತ ಕೆಲವು ತೂತಿಗೆ ಎಂ-ಸೀಲ್ ತುಂಬಿ ಆಚಾರಿ ಅಂಗಡಿಯ ತಕ್ಕಡಿಯಲ್ಲಿ ತೂಗಿದೆ. 30 ಗ್ರಾಂ ದಾಟಿತ್ತು. ಗಾಳಿಗೆ ಹಾರಲಿಲ್ಲ, ಆದರೆ ಎಲ್ಲಿಗೋ ಹೊಡೆದರೆ ಎಲ್ಲಿಗೋ ಹೋಯಿತು. ಕೀಪರ್ ಭುಜಕ್ಕೆ ಬಡಿದು ಬಾಸುಂಡೆ ಬಂತು. ಅದನ್ನು ಅಲ್ಲಿಗೇ ಬಿಟ್ಟೆ. ಗಾಳಿಗೆ ಮದ್ದು ಬೆಳಗಿನ ಜಾವ ಮಾತ್ರ. ಆರರಿಂದ ಎಂಟೂವರೆ. ಅದೇ ತಕ್ಕಡಿಯಲ್ಲಿ ಅಗ್ಗದ ಬಾಲುಗಳನ್ನೂ ತೂಗಿ ನೋಡಿದೆ. ಒಂದು 19, ಇನ್ನೊಂದು 27. ನಲವತ್ತು ರೂಪಾಯಿಯ ಬಾಲು ವಾರಕ್ಕೆ ನಡು ಅಂಟಿನಲ್ಲಿ ಬಾಯಿ ಬಿಡುತ್ತದೆ. ಅದರ ನಾಲ್ಕು ಪಟ್ಟು ಬೆಲೆಯದು ಎರಡು ತಿಂಗಳು ಬರುತ್ತದೆ. ಬಿಸಿಲಲ್ಲಿ ಬಿಡಬೇಡಿ ಅಷ್ಟೇ.

ಕೀಪರ್ ಸಾಮಾನಿನ ಬಗ್ಗೆ ನನಗೆ ಹೆಮ್ಮೆ ಜಾಸ್ತಿ. ಕೀಪರ್ ಕೈಯಲ್ಲಿ ಸ್ಟಿಕ್ ಇಲ್ಲ, ಮಂಡಿ ಮೇಲೇ ಆಟ. ಸಿಮೆಂಟಿನ ಮೇಲೆ ಮಂಡಿ! ಊರಿನ ಟೈಲರ್ ಹತ್ತಿರ ದಪ್ಪ ಪ್ಯಾಂಟ್ ಹೊಲಿಸಿ, ಒಳಗೆ ಯೋಗ ಮ್ಯಾಟ್ ತುಂಡು ಹಾಕಿಸಿದೆ. ಮಂಡಿಗೆ ಟೈಲ್ಸ್ ಕೆಲಸದವರು ಕಟ್ಟಿಕೊಳ್ಳುವ ಪ್ಯಾಡ್. ಮೊದಲ ಪ್ಯಾಂಟ್ ಬಟ್ಟೆಯದು, ನಾಲ್ಕೇ ದಿನಕ್ಕೆ ಹರಿಯಿತು. ಮೇಲಾಗಿ ನೆಲಕ್ಕೆ ಕಚ್ಚಿಕೊಳ್ಳುತ್ತಿತ್ತು, ಪಕ್ಕಕ್ಕೆ ಜಾರಲು ಆಗುತ್ತಿರಲಿಲ್ಲ. ಮಂಡಿಯಿಂದ ಕೆಳಕ್ಕೆ ಆಟೋ ಸೀಟಿನ ರೆಕ್ಸಿನ್ ಹೊಲಿಸಿದೆ. ಈಗ ಈ ಕಂಬದಿಂದ ಆ ಕಂಬಕ್ಕೆ ಜಾರಿಕೊಂಡು ಹೋಗುತ್ತಾಳೆ. ಹೌದು, ನಮ್ಮ ಕೀಪರ್ ಹುಡುಗಿ, ಒಂಬತ್ತನೇ ತರಗತಿ. ಹುಡುಗರ ಶಾಟನ್ನೂ ಹತ್ತಕ್ಕೆ ಏಳು ತಡೆಯುತ್ತಾಳೆ. ಮುಖಕ್ಕೆ ಗ್ರಿಲ್ ಇರುವ ಕ್ರಿಕೆಟ್ ಹೆಲ್ಮೆಟ್. ಕೊಳ್ಳುವಾಗ ಗ್ರಿಲ್ ಸಂದಿಗೆ ಬ್ಲೇಡಿನ ತುದಿ ತೂರಿಸಿ ನೋಡಿ, ಒಳಗೆ ಹೋದರೆ ಅದು ಬೇಡ. ಇದರಲ್ಲಿ ಉಳಿತಾಯ ನೋಡಬೇಡಿ.

ಕಣದ ಬಾಡಿಗೆ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ಮೊದಲ ವರ್ಷ ತಿಂಗಳಿಗೆ ಸಾವಿರ ಕೊಟ್ಟೆ. ಈಗ ಏನೂ ಇಲ್ಲ. ಎರಡನೇ ವರ್ಷ ಬೋರ್ಡ್ ಒಳಗೆ ಎತ್ತಿಡುವ ಹೊತ್ತಿಗೆ ಯಜಮಾನರು ಬಂದು, "ಮೇಷ್ಟ್ರೇ, ಇದನ್ನ ಇಲ್ಲೇ ಬಿಡಿ, ಅಡಿಕೆ ಹಾಕಿದಾಗ ನಾಯಿ, ಕೋಳಿ ಒಳಗೆ ಬರಲ್ಲ" ಅಂದರು. ಕೊಯ್ಲಿನ ತಿಂಗಳುಗಳಲ್ಲಿ ನಮ್ಮ ಬೋರ್ಡ್ ಅವರ ಅಡಿಕೆ ಕಾಯುತ್ತದೆ. ಉರುಳಿ ಹೋಗುವ ಗೋಟು ಅಡಿಕೆಯೂ ಹೊರಗೆ ಹೋಗುವುದಿಲ್ಲ. ಚೊಗರಿನ ಕಲೆ ಮಾತ್ರ ಹಲಗೆಯ ಕೆಳಗಿನ ನಾಲ್ಕು ಬೆರಳಿಗೆ ಹಿಡಿದಿದೆ. ತಿಕ್ಕಿದರೂ ಹೋಗಿಲ್ಲ, ನಾನು ಬಿಟ್ಟಿದ್ದೇನೆ.

ಹೋದ ತಿಂಗಳು ಆ ಹೊಲಿಗೆ ಬಿದ್ದ ಹುಡುಗನ ಅಪ್ಪ ಬಂದಿದ್ದರು. ಮಗ ಈಗ ಪಿಯುಸಿ, ತಂಗಿ ನಮ್ಮಲ್ಲಿ ಆಡುತ್ತಾಳೆ. ಆಟ ನೋಡಲಿಲ್ಲ ಅವರು. ನೇರ ಹೋಗಿ ಒಂದು ಹಲಗೆಯನ್ನು ಮೊಣಕಾಲಿಂದ ಜೋರಾಗಿ ತಳ್ಳಿದರು. ಕೊಕ್ಕೆ ಬಿಚ್ಚಿತು, ಹಲಗೆ ಹಿಂದೆ ಸರಿಯಿತು. ಅವರೇ ಬಗ್ಗಿ ಎತ್ತಿ ಜೋಡಿಸಿ, ಇನ್ನೊಂದನ್ನೂ ತಳ್ಳಿ ನೋಡಿದರು. ಆಮೇಲೆ ಬಂದು ನನ್ನ ಪಕ್ಕ ಕೂತರು.